ಈಜುವವರು, ಎಣಿಸುವವರು, ಫೋಟೋ ತೆಗೆಯುವವರು

(ಬೆಂಗಳೂರಿನಲ್ಲಿ ಫೋಟೋ ಹವ್ಯಾಸಿಗಳು ಸೇರಿದ್ದ ಒಂದು ಭಾನುವಾರ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆದವರು "ಕೆರೆ ಈಜಿನ ಫೋಟೋ ಹೇಗೆ ತೆಗೆಯೋದು ಅಂತ ಹೇಳಿ ಸಾರ್" ಅಂದಿದ್ದರು. ಹೇಳುತ್ತೇನೆ. ಲೆನ್ಸು, ಶಟರು, ಬೆಳಕು ಎಲ್ಲವೂ ಬರುತ್ತದೆ. ಆದರೆ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಟ್ಟರೆ ವಾಸಿ. ದಡದಲ್ಲಿ ನಿಂತು ಕ್ಯಾಮೆರಾಗೆ ಕಣ್ಣು ಹಚ್ಚಿದವರು ನೀರನ್ನು ನೋಡುತ್ತಿರುವುದಿಲ್ಲ. ಒಂದು ಚೌಕದೊಳಗೆ ಒಬ್ಬರನ್ನು ನೋಡುತ್ತಿರುತ್ತಾರೆ. ಚೌಕದ ಹೊರಗೆ ಏನಾಗುತ್ತಿದೆ ಅನ್ನುವುದು ಅವರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಈಜುವವರನ್ನು ಕಾಯುವ ಕೆಲಸವನ್ನೂ ಅವರ ಫೋಟೋ ತೆಗೆಯುವ ಕೆಲಸವನ್ನೂ ಒಬ್ಬರಿಗೇ ಒಪ್ಪಿಸಬಾರದು. ಕೇಳಲು ಸಣ್ಣ ವಿಷಯ. ಆದರೆ ಸ್ವಯಂಸೇವಕರು ಕಡಿಮೆ ಬಿದ್ದ ದಿನ "ಹೇಗೂ ಅಲ್ಲೇ ನಿಂತಿರ್ತೀರಲ್ಲ, ಆ ಕಡೆ ಒಂದು ಕಣ್ಣಿಡಿ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ಕ್ಯಾಮೆರಾ ಚೀಲದೊಳಗೆ ಹಾಕಿ. ಇಲ್ಲವೇ, ಆಗಲ್ಲ ಅಂತ ನೇರವಾಗಿ ಹೇಳಿ. ಎರಡನ್ನೂ ಸಂಭಾಳಿಸುತ್ತೇನೆ ಅನ್ನುವ ಧೈರ್ಯ ಮಾತ್ರ ಬೇಡ.

ಎಲ್ಲಿಯ ಅನುಭವ ಅಂತ ಹೇಳಬೇಕಲ್ಲ. ನಾನು ಕೆಲಸದ ಸಲುವಾಗಿ ಉತ್ತರ ಇಂಗ್ಲೆಂಡಿನಲ್ಲಿದ್ದೇನೆ. ಅಲ್ಲಿಂದ ಲೇಕ್ ಡಿಸ್ಟ್ರಿಕ್ಟ್ ಹತ್ತಿರ. ಗುಡ್ಡಗಳ ನಡುವೆ ಉದ್ದುದ್ದಕ್ಕೆ ಹರಡಿರುವ ಸರೋವರಗಳ ಸೀಮೆ ಅದು. ಎಲ್ಲಕ್ಕಿಂತ ದೊಡ್ಡದು ವಿಂಡರ್‌ಮಿಯರ್. ಸುಮಾರು 17 ಕಿಲೋಮೀಟರ್ ಉದ್ದ, 60 ಮೀಟರಿಗೂ ಜಾಸ್ತಿ ಆಳ. 1911ರಲ್ಲೇ ಜೋಸೆಫ್ ಫಾಸ್ಟರ್ ಎಂಬವರು ಅದನ್ನು ಈ ತುದಿಯಿಂದ ಆ ತುದಿವರೆಗೆ ಈಜಿದ್ದರು. ಆದರೂ ಬಹಳ ಕಾಲ ಅದು ಕೆಲವೇ ಗಟ್ಟಿಗರ ಕೆಲಸವಾಗಿತ್ತು. ನೀರು ಕೊರೆಯುತ್ತದೆ ಅನ್ನುವುದು ಒಂದು, ಸ್ಪೀಡ್ ಬೋಟುಗಳ ಕಾಟ ಇನ್ನೊಂದು. 2005ರಲ್ಲಿ ದೋಣಿಗಳಿಗೆ ವೇಗದ ಮಿತಿ ಬಂತು, ಗಂಟೆಗೆ 10 ನಾಟಿಕಲ್ ಮೈಲಿ. ಬೋಟಿನವರು ಬೈದುಕೊಂಡರು. ಈಜುವವರು ಉಸಿರಾಡಿದರು. 2008ರಲ್ಲಿ ಅಲ್ಲಿ ಗ್ರೇಟ್ ನಾರ್ತ್ ಸ್ವಿಮ್ ಅನ್ನುವ ಸಾಮೂಹಿಕ ಈಜು ಶುರುವಾಯಿತು. ಈಗ ಸಾವಿರಾರು ಜನ ಬರುತ್ತಾರೆ. ಚಾಂಪಿಯನ್ನರಲ್ಲ, ಮಾಮೂಲಿ ಜನ. ಆಫೀಸಿನವರು, ನರ್ಸುಗಳು, ಮೊಮ್ಮಕ್ಕಳಿರುವವರು.

ನಾನು ಕೈಜೋಡಿಸುವುದು ಅಷ್ಟು ದೊಡ್ಡದಕ್ಕಲ್ಲ. ಅದೇ ಸೀಮೆಯ ಇನ್ನೊಂದು ಸಣ್ಣ ಸರೋವರದಲ್ಲಿ ಊರಿನ ಈಜುಗಾರರೇ ಸೇರಿ ವರ್ಷಕ್ಕೊಮ್ಮೆ ನಡೆಸುವ ಈಜು. ನೂರಿನ್ನೂರು ಮಂದಿ. ಬಹುಮಾನ ಅಂದರೆ ಒಂದು ಮಗ್ ಮತ್ತು ಕೇಕ್ ತುಂಡು. ಕೇಕ್ ಮಾಡಿ ತರುವವರು ಕೂಡ ಸ್ವಯಂಸೇವಕರೇ, ಮತ್ತು ನನಗೆ ಕೇಳಿದರೆ ಇಡೀ ದಿನದಲ್ಲಿ ಜಾಸ್ತಿ ಪೈಪೋಟಿ ನಡೆಯುವುದು ಆ ಮೇಜಿನ ಮೇಲೆ.

ನೀರಿನ ವಿಷಯದಲ್ಲಿ ಸಂಬಳವಿಲ್ಲದೆ ದುಡಿಯುವುದು ಆ ದೇಶದಲ್ಲಿ ಹಳೇ ರೂಢಿ. ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ಆರ್‌ಎನ್‌ಎಲ್‌ಐ ಅನ್ನುವ ಸಂಸ್ಥೆ 1824ರಿಂದ ಇದೆ. ಅದು ಸರ್ಕಾರದ ಇಲಾಖೆಯಲ್ಲ, ದೇಣಿಗೆಯಿಂದ ನಡೆಯುತ್ತದೆ. ಲೈಫ್‌ಬೋಟ್ ಹತ್ತುವವರಲ್ಲಿ ಹೆಚ್ಚಿನವರಿಗೆ ಬೇರೆ ಉದ್ಯೋಗ ಇರುತ್ತದೆ. ಪೇಜರ್ ಕೂಗಿದರೆ ಅಂಗಡಿ ಬಿಟ್ಟು ಓಡುತ್ತಾರೆ. ಅಂಥ ಊರುಗಳಲ್ಲಿ ಒಂದು ಶನಿವಾರದ ಈಜಿಗೆ ಮೂವತ್ತು ನಲವತ್ತು ಕೈ ಸಿಗುವುದು ಕಷ್ಟವಲ್ಲ.

ಈಗ ಆ ದಿನ ಏನೇನು ನಡೆಯುತ್ತದೆ ಅಂತ ನೋಡೋಣ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೆಲಸ ಶುರುವಾಗುವುದು ನೀರಿನ ಮೇಲೆ. ಗಾಳಿ ತುಂಬಿದ ದೊಡ್ಡ ಕಿತ್ತಳೆ ಬಣ್ಣದ ಗುರುತುಗಳನ್ನು ದೋಣಿಯಲ್ಲಿ ಒಯ್ದು, ಲಂಗರು ಕಟ್ಟಿ ಇಳಿಸುತ್ತಾರೆ. ಬಾಯ್ ಅನ್ನುತ್ತಾರಲ್ಲ, ಅದು. ಈಜುವವರಿಗೆ ದಾರಿ ತೋರುವುದು ಅದೊಂದೇ. ಕೊಳದಲ್ಲಾದರೆ ತಳದಲ್ಲಿ ಕಪ್ಪು ಗೆರೆ ಇರುತ್ತದೆ, ಇಲ್ಲಿ ಏನೂ ಕಾಣುವುದಿಲ್ಲ. ಅದಕ್ಕೇ ಈಜುವವರು ಕೆಲವು ಹೊಡೆತಕ್ಕೊಮ್ಮೆ ತಲೆ ಎತ್ತಿ ಬಾಯ್ ಎಲ್ಲಿದೆ ಅಂತ ನೋಡಿಕೊಳ್ಳಬೇಕು. ಸೂರ್ಯ ಎದುರಿಗಿದ್ದರೆ ಅದೂ ಕಾಣುವುದಿಲ್ಲ, ಹಾಗಾಗಿ ದಾರಿ ಹಾಕುವವರು ಬೆಳಗಿನ ಬಿಸಿಲು ಯಾವ ಕಡೆಯಿಂದ ಅಂತ ಮೊದಲೇ ಲೆಕ್ಕ ಹಾಕಿರುತ್ತಾರೆ. ಫೋಟೋ ತೆಗೆಯುವವರಿಗೂ ಅದೇ ಲೆಕ್ಕ ಬೇಕು. ಹಾಗಾಗಿ ಬಾಯ್ ಇಡುವ ದೋಣಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಹೊರೆ ಎತ್ತಲು ಒಂದು ಕೈ ಜಾಸ್ತಿ ಸಿಕ್ಕಿತು ಅಂತ ಅವರಿಗೂ ಖುಷಿ.

ಇತ್ತ ಮೇಜಿನ ಹತ್ತಿರ ಹೆಸರು ನೋಂದಣಿ. ಕೈ ಹಿಂಭಾಗಕ್ಕೆ ಮಾರ್ಕರಿನಲ್ಲಿ ನಂಬರು. ಕಾಲ ಗಂಟಿಗೆ ಸಮಯ ಅಳೆಯುವ ಎಲೆಕ್ಟ್ರಾನಿಕ್ ಚಿಪ್ಪು. ದೂರದ ಪ್ರಕಾರ ಬೇರೆ ಬೇರೆ ಬಣ್ಣದ ಟೋಪಿ. ಕುತ್ತಿಗೆಗೆ ವ್ಯಾಸಲಿನ್, ಯಾಕೆಂದರೆ ವೆಟ್‌ಸೂಟಿನ, ಅಂದರೆ ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ಬಿಗಿ ರಬ್ಬರ್ ಉಡುಪಿನ, ಅಂಚು ಉಜ್ಜಿ ಚರ್ಮ ಸುಲಿಯುತ್ತದೆ. ವ್ಯಾಸಲಿನ್ ಹಚ್ಚಿದ ಕೈಯನ್ನು ಕನ್ನಡಕಕ್ಕೆ ಮುಟ್ಟಿಸಿದರೆ ಈಜುವವರ ಕಥೆ ಮುಗಿಯಿತು, ಲೆನ್ಸಿಗೆ ಮುಟ್ಟಿಸಿದರೆ ನಮ್ಮ ಕಥೆ. ಮೇಜಿನ ಕೆಲಸ ಮುಗಿಸಿ ಕ್ಯಾಮೆರಾ ಎತ್ತಿಕೊಳ್ಳುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ.

ಇದೆಲ್ಲದರಲ್ಲಿ ನೋಡಲು ತೀರಾ ಸಪ್ಪೆ ಅನಿಸುವ ಕೆಲಸ ಎಣಿಕೆ. ನೀರಿಗೆ ಇಳಿಯುವ ಜಾಗದಲ್ಲಿ ಇಬ್ಬರು, ಹತ್ತುವ ಜಾಗದಲ್ಲಿ ಇಬ್ಬರು. ಇಬ್ಬರೂ ಬೇರೆ ಬೇರೆ ಎಣಿಸಬೇಕು, ಆಮೇಲೆ ತಾಳೆ ನೋಡಬೇಕು. ಮಾತಾಡುವಂತಿಲ್ಲ. ಪರಿಚಯದವರು ಬಂದರೂ ಕೈ ಬೀಸುವಂತಿಲ್ಲ. ಚಿಪ್ಪು ಇರುವಾಗ ಇದೆಲ್ಲ ಯಾಕೆ ಅಂತ ಕೇಳಬಹುದು. ಚಿಪ್ಪು ಕಾಲಿನಿಂದ ಕಳಚಿ ಬೀಳುತ್ತದೆ. ಅದೂ ಅಲ್ಲದೆ ಚಿಪ್ಪು ಹೇಳುವುದು ಯಾರು ಬಂದರು ಅಂತ. ಯಾರು ಬಂದಿಲ್ಲ ಅಂತ ಕೇಳುವುದು ಮನುಷ್ಯರ ಕೆಲಸ.

2010ರ ಅಕ್ಟೋಬರಿನಲ್ಲಿ ಯುಎಇಯ ಫುಜೈರಾದಲ್ಲಿ 10 ಕಿಲೋಮೀಟರ್ ವಿಶ್ವಕಪ್ ಈಜು ನಡೆಯಿತು. ಫ್ರಾನ್ ಕ್ರಿಪನ್ ಅನ್ನುವ ಅಮೆರಿಕದ ಈಜುಗಾರ, 26 ವರ್ಷ, ಆ ಸ್ಪರ್ಧೆಯಲ್ಲಿದ್ದರು. ನೀರು ತುಂಬಾ ಬಿಸಿಯಾಗಿತ್ತು. ಜಗತ್ತಿನ ಒಳ್ಳೊಳ್ಳೆಯ ಈಜುಗಾರರು, ಅಂತರರಾಷ್ಟ್ರೀಯ ಸ್ಪರ್ಧೆ, ಸುತ್ತ ದೋಣಿಗಳು. ಅಷ್ಟಿದ್ದೂ ಅವರು ಮುಳುಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಗುರಿ ಮುಟ್ಟಿದ ಜೊತೆಗಾರರು "ಫ್ರಾನ್ ಎಲ್ಲಿ?" ಅಂತ ಹುಡುಕತೊಡಗಿದ ಮೇಲೆಯೇ ಗೊತ್ತಾಗಿದ್ದು. ಗುರಿಯಿಂದ ಸ್ವಲ್ಪವೇ ದೂರದಲ್ಲಿ, ಎರಡು ಗಂಟೆ ಕಳೆದ ಮೇಲೆ ದೇಹ ಸಿಕ್ಕಿತು. ಆಮೇಲೆ ತೆರೆದ ನೀರಿನ ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ 31 ಡಿಗ್ರಿ ಗರಿಷ್ಠ ಉಷ್ಣತೆ ಅನ್ನುವ ನಿಯಮ ಬಂತು. ಅಂಥ ಸ್ಪರ್ಧೆಗಳಲ್ಲಿ ತಣ್ಣೀರಿಗೆ ಕೆಳಗಿನ ಮಿತಿ 16. ಎಣಿಕೆಯ ಪಟ್ಟಿ ಹಿಡಿದು ನಿಂತವರನ್ನು ನಗಿಸಲು ಹೋಗಬೇಡಿ ಅಂತ ನಾನು ಹೊಸಬರಿಗೆ ಹೇಳುವುದು ಈ ಕಥೆ ಹೇಳಿದ ಮೇಲೆ.

ಕ್ಯಾಮೆರಾ ಹಿಡಿದವರಿಗೆ ಬೇಕಾದ ಇನ್ನೊಂದು ತಿಳಿವಳಿಕೆಯೂ ಇದೆ. ಮುಳುಗುವವರು ಕೂಗುವುದಿಲ್ಲ. ಸಿನಿಮಾದಲ್ಲಿ "ಕಾಪಾಡಿ" ಅಂತ ಕೈ ಬಡಿಯುತ್ತಾರಲ್ಲ, ನಿಜದಲ್ಲಿ ಹಾಗೆ ನಡೆಯುವುದು ಕಡಿಮೆ. ಅಮೆರಿಕದಲ್ಲಿ ಜೀವರಕ್ಷಕರಾಗಿದ್ದ ಫ್ರಾಂಕ್ ಪಿಯಾ ಇದನ್ನು ಗಮನಿಸಿ ಬರೆದಿದ್ದಾರೆ. ಬಾಯಿ ನೀರಿನ ಮೇಲೆ ಬಂದಾಗ ಉಸಿರು ಎಳೆದುಕೊಳ್ಳಲೇ ಸಮಯ ಸಾಲುವುದಿಲ್ಲ, ಇನ್ನು ಕೂಗುವುದೆಲ್ಲಿ. ಕೈ ಮೇಲೆತ್ತಲು ಆಗುವುದಿಲ್ಲ, ಅಕ್ಕಪಕ್ಕ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತಾರೆ, ಕಾಣದ ಏಣಿ ಹತ್ತುವಂತೆ. ದೇಹ ನೆಟ್ಟಗೆ ನಿಂತಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ. ಇದು 20ರಿಂದ 60 ಸೆಕೆಂಡು. ದೂರದಿಂದ ನೋಡಿದರೆ ಸುಮ್ನೆ ನಿಂತು ದಣಿವಾರಿಸಿಕೊಳ್ಳುತ್ತಿದ್ದಾರೆ ಅನಿಸುತ್ತದೆ. ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೋ ಲೆನ್ಸಿನಲ್ಲಿ ಅಂಥ ಮುಖ ಕಂಡರೆ ಅದು "ಭಾವ ತುಂಬಿದ" ಫೋಟೋ ಅಲ್ಲ. ಕ್ಯಾಮೆರಾ ಇಳಿಸಿ, ಬೊಟ್ಟು ಮಾಡಿ, ಕೂಗಿ. ಹತ್ತು ಸಲ ಕೂಗಿ ಹತ್ತೂ ಸಲ ಏನೂ ಆಗಿಲ್ಲ ಅಂದರೂ ಕಾವಲಿನವರು ಬೇಸರ ಮಾಡಿಕೊಳ್ಳುವುದಿಲ್ಲ.

ಕಯಾಕಿನಲ್ಲಿ, ಅಂದರೆ ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ, ಕುಳಿತು ಕಾಯುವವರ ಬಗ್ಗೆ ಹೇಳಲು ತುಂಬಾ ಇದೆ, ಚಿಕ್ಕದಾಗಿ ಹೇಳುತ್ತೇನೆ. ಸುಸ್ತಾದವರು ಬೆನ್ನ ಮೇಲೆ ತಿರುಗಿ ಒಂದು ಕೈ ಎತ್ತಬೇಕು, ಅದು ಸಂಕೇತ. ಕಯಾಕ್ ಹತ್ತಿರ ಬಂದಾಗ ಅದರ ಮೂತಿ ಹಿಡಿಯಬೇಕು. ಪಕ್ಕ ಹಿಡಿದು ಜೋತುಬಿದ್ದರೆ ಇಬ್ಬರೂ ನೀರಿಗೆ. ಹಿಡಿದುಕೊಂಡು ದಣಿವಾರಿಸಿಕೊಂಡು ಮತ್ತೆ ಈಜಬಹುದು, ಕಯಾಕಿನವರು ಎಳೆದುಕೊಂಡು ಹೋಗದಿದ್ದರೆ ಆಯಿತು. ಈಗೀಗ ತುಂಬಾ ಜನ ಸೊಂಟಕ್ಕೆ ದಾರ ಕಟ್ಟಿ ಹಿಂದೆ ಒಂದು ಗಾಳಿ ಚೀಲ ತೇಲಿಸಿಕೊಂಡು ಹೋಗುತ್ತಾರೆ. ನಮ್ಮ ಹಳ್ಳಿಗಳಲ್ಲಿ ಬಾವಿಗೆ ಇಳಿಯುವ ಮಕ್ಕಳ ಬೆನ್ನಿಗೆ ಒಣ ಸೋರೆಬುರುಡೆ, ಬೆಂಡು, ಆಮೇಲಾಮೇಲೆ ಎಣ್ಣೆ ಕ್ಯಾನು ಕಟ್ಟುತ್ತಿದ್ದರಲ್ಲ, ಅದರ ಕಥೆಯನ್ನು ಅಲ್ಲಿನವರಿಗೆ ಹೇಳಿದೆ. ಸೋರೆಬುರುಡೆಯ ಫೋಟೋ ಕಳಿಸು ಅಂತ ಇನ್ನೂ ಕೇಳುತ್ತಿದ್ದಾರೆ.

ಸರಿ, ಫೋಟೋ.

ಮೊದಲು ಎಲ್ಲಿ ನಿಲ್ಲಬೇಕು ಅನ್ನುವುದು. ಹೊಸಬರು ಶುರುವಾಗುವ ಜಾಗಕ್ಕೆ ಮುಗಿಬೀಳುತ್ತಾರೆ. ನೂರು ಜನ ಒಟ್ಟಿಗೆ ನೀರಿಗೆ ನುಗ್ಗುವುದು ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಆ ಫೋಟೋದಲ್ಲಿ ಯಾರು ಯಾರೋ ಗೊತ್ತಾಗುವುದಿಲ್ಲ. ಎಲ್ಲರದ್ದೂ ಒಂದೇ ಬಣ್ಣದ ಟೋಪಿ, ಒಂದೇ ಥರ ಕನ್ನಡಕ, ಒಂದೇ ಕಪ್ಪು ಸೂಟು. ಅಂಥದ್ದು ಎರಡು ಮೂರು ಸಾಕು. ನನಗೆ ಇಷ್ಟದ ಜಾಗ ಕೊನೆಯ ಬಾಯ್‌ನಿಂದ ದಡಕ್ಕೆ ಬರುವ ದಾರಿ, ಅದೂ ನೀರಿನ ಮಟ್ಟಕ್ಕೆ ಹತ್ತಿರ ಕುಳಿತು. ಎತ್ತರದಲ್ಲಿ ನಿಂತು ತೆಗೆದರೆ ಬರೀ ಟೋಪಿ, ಬೆನ್ನು ಸಿಗುತ್ತದೆ. ಜೆಟ್ಟಿಯ, ಅಂದರೆ ದೋಣಿ ಕಟ್ಟುವ ಕಟ್ಟೆಯ, ಮೇಲೆ ಹೊಟ್ಟೆ ಹಚ್ಚಿ ಮಲಗಿದರೆ ಮುಖ ಸಿಗುತ್ತದೆ.

ಮುಖ ಸಿಗಬೇಕಾದರೆ ಉಸಿರಿನ ಕಡೆ ನಿಲ್ಲಬೇಕು. ಫ್ರೀಸ್ಟೈಲ್ ಈಜುವವರು ಪಕ್ಕಕ್ಕೆ ತಿರುಗಿ ಉಸಿರು ಎಳೆಯುತ್ತಾರೆ. ಕೆಲವರು ಎರಡೂ ಕಡೆ, ಹೆಚ್ಚಿನವರು ಒಂದೇ ಕಡೆ. ಎರಡು ಸುತ್ತು ನೋಡಿದರೆ ಯಾರದ್ದು ಯಾವ ಕಡೆ ಅಂತ ಗೊತ್ತಾಗುತ್ತದೆ. ಹತ್ತಿರದಿಂದ ನೋಡಿ. ತಲೆ ಮುಂದಕ್ಕೆ ನುಗ್ಗುವಾಗ ನೆತ್ತಿಯ ಮುಂದೆ ನೀರು ಸಣ್ಣ ಏರಿ ಕಟ್ಟುತ್ತದೆ, ಕೆನ್ನೆಯ ಪಕ್ಕ ತಗ್ಗಾಗುತ್ತದೆ. ಒಳ್ಳೆಯ ಈಜುಗಾರರು ತಲೆ ಎತ್ತುವುದೇ ಇಲ್ಲ, ಆ ತಗ್ಗಿನೊಳಗೇ ಬಾಯಿ ಓರೆ ಮಾಡಿ ಉಸಿರು ಎಳೆದುಕೊಳ್ಳುತ್ತಾರೆ. ಕನ್ನಡಕದ ಒಂದು ಗಾಜು ನೀರೊಳಗೆ, ಒಂದು ಹೊರಗೆ. ತುಟಿಯ ಮೂಲೆ ಸುತ್ತಲಿನ ನೀರಿನ ಮಟ್ಟಕ್ಕಿಂತ ಕೆಳಗೇ ಇರುತ್ತದೆ. ಬರಿಗಣ್ಣಿಗೆ ಇದು ಕಾಣುವುದಿಲ್ಲ, ಅಷ್ಟು ಬೇಗ ಮುಗಿಯುತ್ತದೆ. ಫೋಟೋದಲ್ಲಿ ಮಾತ್ರ ಕಾಣುತ್ತದೆ. ನನ್ನನ್ನು ಕೇಳಿದರೆ ಈ ಕೆಲಸದ ಸಂಬಳ ಅದು.

ಅದಕ್ಕೆ ಶಟರು ಸೆಕೆಂಡಿನ 1000ನೇ ಒಂದು ಭಾಗ ತೆರೆದಿದ್ದರೆ ಸಾಕು, ಸಾಧ್ಯವಾದರೆ ಇನ್ನೂ ಕಡಿಮೆ ಹೊತ್ತು. 500ಕ್ಕೆ ಇಳಿದರೆ ಕೈ ಮಸುಕಾಗುತ್ತದೆ, ಹನಿಗಳು ಗೆರೆಯಾಗುತ್ತವೆ. ಕೆಲವರಿಗೆ ಅದೇ ಚೆಂದ, ಜಗಳ ಇಲ್ಲ. 70-200 ಮಿಲಿಮೀಟರಿನ ಜೂಮ್ ಲೆನ್ಸು ದಡಕ್ಕೆ ಸಾಕು. ಬೆಳಕಿನ ಅಳತೆಯಲ್ಲಿ ಒಂದು ಮೋಸ ಇದೆ. ಫ್ರೇಮಿನ ತುಂಬ ಕಪ್ಪು ನೀರು, ನಡುವೆ ಒಂದು ಹಳದಿ ಟೋಪಿ. ಕ್ಯಾಮೆರಾ ನೀರನ್ನು ನೋಡಿ "ಅಯ್ಯೋ ಕತ್ತಲೆ" ಅಂದುಕೊಂಡು ಬೆಳಕು ಜಾಸ್ತಿ ಮಾಡುತ್ತದೆ. ಟೋಪಿಯೂ ಹಣೆಯೂ ಬೆಳ್ಳಗೆ ಸುಟ್ಟುಹೋಗುತ್ತವೆ. ಬೆಳಕನ್ನು ಮುಕ್ಕಾಲು ಸ್ಟಾಪ್, ಅಂದರೆ ಮುಕ್ಕಾಲು ಹಂತ, ಕಡಿಮೆ ಮಾಡಿಕೊಳ್ಳಿ. ಬೆಳಗಿನ ಮಂಜು ಇದ್ದರೆ ಇದು ತಿರುಗುಮುರುಗು ಆಗುತ್ತದೆ, ಆಗ ಸ್ವಲ್ಪ ಏರಿಸಬೇಕಾಗುತ್ತದೆ.

ಪೋಲರೈಸರ್ ಬಗ್ಗೆ ಇಲ್ಲಿ ಕುಳಿತಿರುವ ಕೆಲವರು ನನ್ನ ಜೊತೆ ಜಗಳಕ್ಕೆ ಬರಬಹುದು. ನೀರಿನ ಹೊಳಪು ಕಡಿಮೆ ಮಾಡಲು ಅದನ್ನು ಹಾಕುತ್ತೇವೆ, ಅಲ್ವಾ. ಹೂವಿನ ಕೊಳಕ್ಕೆ ಸರಿ. ಈಜುವ ಜನರ ಫೋಟೋಗೆ ನಾನು ಅದನ್ನು ಬಿಚ್ಚಿಡುತ್ತೇನೆ. ಬೆಳಕು ತಿನ್ನುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು, ಹೊಳಪು ಹೋದರೆ ನೀರಿನೊಳಗಿನ ಮೈ ಪೂರ್ತಿ ಕಾಣತೊಡಗುತ್ತದೆ. ಎಲ್ಲರೂ ವೆಟ್‌ಸೂಟ್ ಹಾಕಿರುವುದಿಲ್ಲ. ನೀರು ತಾನಾಗಿ ಕೊಟ್ಟಿರುವ ಮರೆಯನ್ನು ನಾವು ಯಾಕೆ ಕಿತ್ತುಕೊಳ್ಳಬೇಕು?

ಇನ್ನೊಂದು ಉಪಾಯ, ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು. ಬೆಳಿಗ್ಗೆ ಸಮಯ ಅಳೆಯುವವರ ಕಂಪ್ಯೂಟರಿನ ಗಡಿಯಾರಕ್ಕೆ ಕ್ಯಾಮೆರಾದ ಗಡಿಯಾರ ಹೊಂದಿಸಿ. ಸೆಕೆಂಡೂ ತಪ್ಪಬಾರದು. ಟೋಪಿ ಕನ್ನಡಕ ಹಾಕಿದವರಲ್ಲಿ ಯಾರು ಯಾರು ಅಂತ ಹೆತ್ತ ತಾಯಿಗೂ ಗೊತ್ತಾಗುವುದಿಲ್ಲ, ಕೈ ಮೇಲಿನ ನಂಬರು ನೀರಿನಲ್ಲಿ ಅಳಿಸಿರುತ್ತದೆ. ಆದರೆ ಗುರಿ ಮುಟ್ಟಿದ ಸಮಯ ಪಟ್ಟಿಯಲ್ಲಿರುತ್ತದೆ. ಸಂಜೆ ಮನೆಗೆ ಹೋಗಿ ಆ ಸಮಯ ಹುಡುಕಿದರೆ ಅವರ ಫೋಟೋ ಸಿಗುತ್ತದೆ.

ಗುರಿಯ ಹತ್ತಿರ ಏನು ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅಷ್ಟು ಹೊತ್ತು ಅಡ್ಡ ಮಲಗಿ ಈಜಿದವರು ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯುತ್ತದೆ, ತಲೆ ತಿರುಗುತ್ತದೆ. ಅದಕ್ಕೇ ಅಲ್ಲಿ ಇಬ್ಬರು ಮೊಣಕಾಲುದ್ದ ನೀರಿನಲ್ಲಿ ನಿಂತು ರಟ್ಟೆ ಹಿಡಿಯುತ್ತಾರೆ. ಜೂನಿನಲ್ಲೂ ಅಲ್ಲಿನ ನೀರು 15 ಡಿಗ್ರಿಯ ಆಸುಪಾಸು. ಬೆರಳುಗಳು ಮಡಚಲು ಬರದೆ ಅಗಲಕ್ಕೆ ಸೆಟೆದುಕೊಂಡಿರುತ್ತವೆ. ವೆಟ್‌ಸೂಟಿನ ಜಿಪ್ ಬೆನ್ನ ಮೇಲೆ, ಅದಕ್ಕೊಂದು ಉದ್ದ ದಾರ. ಆ ದಾರ ಹಿಡಿಯಲೂ ಆಗದೆ ಕೈ ಹಿಂದೆ ತಡಕಾಡುತ್ತಿರುತ್ತಾರೆ. ಜಿಪ್ ಎಳೆಯಲೆಂದೇ ಒಬ್ಬ ಸ್ವಯಂಸೇವಕರು ಇರುತ್ತಾರೆ. ಎಡಗೈಯಲ್ಲಿ ಕುತ್ತಿಗೆಯ ಹತ್ತಿರ ಬಟ್ಟೆ ಬಿಗಿ ಹಿಡಿದು ಬಲಗೈಯಲ್ಲಿ ಒಂದೇ ಎಳೆತ. "ಥ್ಯಾಂಕ್ಯೂ" ಅನ್ನಲು ಹೋದವರ ಬಾಯಿಂದ ಮಾತು ತೊದಲಿ ಬರುತ್ತದೆ, ದವಡೆಯೂ ಮರಗಟ್ಟಿರುತ್ತದೆ.

ಮೇಲೆ ಬಂದಮೇಲೆ ಅಪಾಯ ಮುಗಿಯಿತು ಅಂದುಕೊಳ್ಳಬೇಡಿ. ಮೈಯ ಒಳಗಿನ ಕಾವು ನೀರಿನಿಂದ ಎದ್ದ ಮೇಲೂ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ನಗುತ್ತಾ ಬಂದವರು ಹತ್ತು ನಿಮಿಷದ ಮೇಲೆ ಗಡಗಡ ನಡುಗುತ್ತಾರೆ. ಒದ್ದೆ ಬಟ್ಟೆ ಬಿಚ್ಚಿಸಿ, ಒಣ ಬಟ್ಟೆ ಹಾಕಿಸಿ, ಟೋಪಿ ಹಾಕಿಸಿ, ಬೆಚ್ಚಗಿನದು ಕುಡಿಸಬೇಕು. ಬಿಸಿನೀರ ಸ್ನಾನ ತಕ್ಷಣ ಬೇಡ, ಕಾರು ಓಡಿಸುವುದಂತೂ ಬೇಡವೇ ಬೇಡ. ಈ ಹತ್ತು ನಿಮಿಷ ಫೋಟೋಗ್ರಾಫರಿಗೆ ಬಂಗಾರ ಅಂತ ಕೆಲವರು ಹೇಳುತ್ತಾರೆ. ನಡುಗುವ ತುಟಿ, ಕಣ್ಣ ಸುತ್ತ ಕನ್ನಡಕದ ಗುರುತು. ನನಗೆ ಆ ಮಾತು ಹಿಡಿಸುವುದಿಲ್ಲ. ಮೊದಲು ಟವೆಲ್, ಆಮೇಲೆ ಟೀ, ಆಮೇಲೂ ಅವರು ನಿಮ್ಮ ಕಡೆ ನೋಡಿ ನಕ್ಕರೆ ಫೋಟೋ.

ಮುಂದೆ ಬಂದ ಹತ್ತು ಜನರ ಫೋಟೋ ಎಲ್ಲರೂ ತೆಗೆಯುತ್ತಾರೆ. ಅವರಿಗೆ ಅಂಥ ಫೋಟೋ ಮನೆ ತುಂಬ ಇರುತ್ತವೆ. ಕಡೆಗೆ ಬರುವವರ ಹೊತ್ತಿಗೆ ಕ್ಯಾಮೆರಾಗಳು ಕೇಕಿನ ಮೇಜಿಗೆ ಹೋಗಿರುತ್ತವೆ. ಆ ಊರಿನಲ್ಲಿ ಒಬ್ಬರು ಹಿರಿಯ ಹೆಂಗಸು ಪ್ರತಿ ವರ್ಷ ಕೊನೆಗೇ ಬರುತ್ತಾರೆ. ತಲೆ ಮೇಲೆತ್ತಿ ಕಪ್ಪೆ ಈಜು, ಪಕ್ಕದಲ್ಲಿ ಒಂದು ಕಯಾಕ್, ದಾರಿಯುದ್ದಕ್ಕೂ ಕಯಾಕಿನವರ ಜೊತೆ ಹರಟೆ. ನಾನು ಜೆಟ್ಟಿಯಿಂದ ಅವರನ್ನು ತೆಗೆದೆ. ಫೋಟೋ ಕಳಿಸಿದ ಮೇಲೆ ಅವರು ಬರೆದರು: "ಐವತ್ತು ವರ್ಷದಿಂದ ಈಜುತ್ತಿದ್ದೇನೆ, ನಾನು ಈಜುವಾಗ ಹೀಗೆ ಕಾಣುತ್ತೇನೆ ಅಂತ ಗೊತ್ತೇ ಇರಲಿಲ್ಲ." ನಾನು ಅದುವರೆಗೆ ಹಾಗೆ ಯೋಚಿಸಿರಲಿಲ್ಲ. ಕುಣಿಯುವವರಿಗೆ ಕನ್ನಡಿ ಇದೆ, ಓಡುವವರಿಗೆ ಅಂಗಡಿ ಗಾಜಿನಲ್ಲಿ ತಮ್ಮ ನೆರಳಾದರೂ ಕಾಣುತ್ತದೆ. ಈಜುವವರು ತಮ್ಮನ್ನು ತಾವು ನೋಡಿಕೊಳ್ಳುವುದು ಯಾರಾದರೂ ತೆಗೆದುಕೊಟ್ಟರೆ ಮಾತ್ರ. ಅಂದಮೇಲೆ ಆ ಫೋಟೋ ಮೊದಲು ಸೇರಬೇಕಾದದ್ದು ಅವರಿಗೆ. ನಿಮ್ಮ ಇನ್‌ಸ್ಟಾಗ್ರಾಮಿಗಲ್ಲ.

ಹಾಗಾಗಿ ನಮ್ಮ ರೀತಿ ಹೀಗಿದೆ. ನೋಂದಣಿಯಲ್ಲೇ ಫೋಟೋ ಬೇಕೋ ಬೇಡವೋ ಕೇಳುತ್ತೇವೆ. ಬೇಡ ಅಂದವರಿಗೆ ಬೇರೆ ಬಣ್ಣದ ಕೈಪಟ್ಟಿ. ಅದಕ್ಕೆ ಕಾರಣ ಯಾರೂ ಕೇಳುವುದಿಲ್ಲ. ಬಟ್ಟೆ ಬದಲಿಸುವ ಕಡೆ ಲೆನ್ಸ್ ತಿರುಗಿಸುವುದಿಲ್ಲ, ಹಿನ್ನೆಲೆಯಲ್ಲಿ ಬಂದರೂ ಅಳಿಸುತ್ತೇವೆ. ಮಕ್ಕಳ ಫೋಟೋ ಅಪ್ಪ ಅಮ್ಮನ ಒಪ್ಪಿಗೆ ಇದ್ದರೆ ಮಾತ್ರ, ಅದೂ ನೀರಿನೊಳಗಿನದ್ದು ಅಥವಾ ಭುಜದಿಂದ ಮೇಲಿನದ್ದು, ಹೆಸರು ಹಾಕುವುದಿಲ್ಲ. ಮೊದಲು ಈಜಿದವರಿಗೆ ಕಳಿಸುತ್ತೇವೆ, ಅವರು ಬೇಡ ಅಂದದ್ದನ್ನು ತೆಗೆದುಹಾಕುತ್ತೇವೆ, ಉಳಿದದ್ದು ಆಮೇಲೆ ಎಲ್ಲರಿಗೆ. ಆರಿಸುವಾಗಲೂ ಒಂದು ಲೆಕ್ಕ ಇದೆ. ಫೋಟೋ ಎಷ್ಟೇ ಚೆನ್ನಾಗಿ ಬಂದಿರಲಿ, ಆ ವ್ಯಕ್ತಿಗೆ ನಾಚಿಕೆ ಆಗುವಂತಿದ್ದರೆ ಅದು ಹೊರಗೆ. ಸ್ಪರ್ಧೆಗೆ ಕಳಿಸುವಂಥ ಫೋಟೋಗಳು ಹೀಗೆ ಹೋಗಿವೆ. ಹೋಗಲಿ.

ಇನ್ನು ಪ್ರಶ್ನೆಗಳು.

ಒಬ್ಬರು ಹಿರಿಯರು ಕೇಳಿದರು: "ಬೆಂಗಳೂರಿನ ಕೆರೆಯಲ್ಲಿ ಇಂಥದ್ದು ಸಾಧ್ಯವಾ? ನಾವು ಚಿಕ್ಕವರಿದ್ದಾಗ ಕೆರೆಯಲ್ಲೇ ಈಜು ಕಲಿತದ್ದು."

ಈಗಿನ ಸ್ಥಿತಿಯಲ್ಲಿ ಇಲ್ಲ ಅಂತಲೇ ಹೇಳಬೇಕು ಸಾರ್. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯಿತು, ಧರ್ಮಾಂಬುಧಿ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯಿತು. ಉಳಿದದ್ದರಲ್ಲಿ ಬೆಳ್ಳಂದೂರು ಕೆರೆ 2017ರಲ್ಲೂ 2018ರಲ್ಲೂ ಹೊತ್ತಿ ಉರಿದದ್ದನ್ನು ನಾವೇ ನೋಡಿದ್ದೇವೆ. ಸ್ಯಾಂಕಿ ಕೆರೆ ಪಕ್ಕದಲ್ಲೇ ಈಜುಕೊಳ ಇದೆ, ಜನ ಕೆರೆ ನೋಡಿಕೊಂಡು ಹೋಗಿ ಕೊಳದಲ್ಲಿ ಈಜುತ್ತಾರೆ. ಈಜುವವರಿಗೆ ಈ ಊರಲ್ಲಿ ಬರ ಇಲ್ಲ, ಬಸವನಗುಡಿಯ ಕೊಳದಿಂದ ದೇಶಕ್ಕೆ ಎಷ್ಟು ಈಜುಗಾರರು ಬಂದಿದ್ದಾರೆ. ಬರ ಇರುವುದು ನೀರಿಗೆ.

ಆದರೆ ವಿಂಡರ್‌ಮಿಯರನ್ನು ದೇವಲೋಕ ಅಂದುಕೊಳ್ಳಬೇಡಿ. 2010ರಲ್ಲಿ ಆ ದೊಡ್ಡ ಈಜನ್ನೇ ರದ್ದು ಮಾಡಬೇಕಾಯಿತು. ನೀರಿನಲ್ಲಿ ನೀಲಿ-ಹಸಿರು ಪಾಚಿ ಬಂದಿತ್ತು. ಚರಂಡಿಯಿಂದ, ಹೊಲದಿಂದ ಬರುವ ರಂಜಕ ಮತ್ತು ಬೇಸಿಗೆಯ ಬಿಸಿ ಎರಡೂ ಸೇರಿದರೆ ಅದು ಹೆಚ್ಚುತ್ತದೆ, ಕೆಲವು ಬಗೆ ವಿಷ ಬಿಡುತ್ತದೆ. ಸೆಪ್ಟೆಂಬರಿನಲ್ಲಿ ನಡೆಯುತ್ತಿದ್ದ ಈಜನ್ನು ಮುಂದಿನ ವರ್ಷದಿಂದ ಜೂನಿಗೆ ತಂದರು. ಆ ಸರೋವರಕ್ಕೆ ಕೊಳಚೆ ಬಿಡುವ ಜಗಳ ಇವತ್ತಿಗೂ ಜೋರಾಗಿದೆ. ವ್ಯತ್ಯಾಸ ಏನೆಂದರೆ ಅಲ್ಲಿ ಈಜುತಾಣ ಅಂತ ಗುರುತಿಸಿದ ಕಡೆ ಬೇಸಿಗೆಯಲ್ಲಿ ನೀರಿನ ಮಾದರಿ ತೆಗೆದು ಈ. ಕೋಲೈ ಮತ್ತು ಎಂಟರೋಕಾಕೈ ಅನ್ನುವ ಬ್ಯಾಕ್ಟೀರಿಯಾ ಎಷ್ಟಿದೆ ಅಂತ ಪರೀಕ್ಷೆ ಮಾಡುತ್ತಾರೆ, ಫಲಿತಾಂಶ ಎಲ್ಲರೂ ನೋಡಬಹುದು. ಇಲ್ಲಿ ಯಾವುದಾದರೂ ಕೆರೆಯಲ್ಲಿ ಈಜಬೇಕು ಅನ್ನುವವರು ಮೊದಲು ಕೇಳಬೇಕಾದದ್ದು ಆ ಕಾಗದ. ಕೆರೆ ಚೊಕ್ಕವಾಗಿ ಕಾಣುತ್ತದೆ ಅಂತ ಇಳಿಯಬೇಡಿ. ಇಲಿಜ್ವರ ಬರಿಗಣ್ಣಿಗೆ ಕಾಣುವುದಿಲ್ಲ. ಬಂಗಾಳದಲ್ಲಿ ಭಾಗೀರಥಿ ನದಿಯಲ್ಲಿ 81 ಕಿಲೋಮೀಟರ್ ಈಜಿನ ಸ್ಪರ್ಧೆ ನಡೆಯುತ್ತದೆ, ದಡದುದ್ದಕ್ಕೂ ಜನ ಸೇರುತ್ತಾರೆ. ದೊಡ್ಡ ಈಜು ಹೇಗೆ ನಡೆಸುತ್ತಾರೆ ಅಂತ ನೋಡಬೇಕಾದರೆ ಇಂಗ್ಲೆಂಡಿಗೇ ಹೋಗಬೇಕಿಲ್ಲ.

ಒಬ್ಬ ಹುಡುಗ ಡ್ರೋನ್ ಬಗ್ಗೆ ಕೇಳಿದ. ಮೇಲಿನಿಂದ ಚೆನ್ನಾಗಿ ಬರುತ್ತದೆ ಮರಿ, ಒಪ್ಪುತ್ತೇನೆ. ಆದರೆ ಜನರ ತಲೆ ಮೇಲೆ ಹಾರಿಸುವಂತಿಲ್ಲ, ಅನುಮತಿ ಬೇಕು, ಮತ್ತು ಅದರ ಸದ್ದಿಗೆ ಕಾವಲಿನವರ ಸೀಟಿ ಕೇಳುವುದಿಲ್ಲ. ನನಗೆ ಕೊನೆಯ ಕಾರಣವೇ ಸಾಕು.

ಕೊನೆಗೆ ಒಬ್ಬರು ಹುಡುಗಿ: "ಸಾರ್, ನನಗೆ ಈಜೇ ಬರಲ್ಲ. ನಾನು ಸ್ವಯಂಸೇವಕಿ ಆಗಬಹುದಾ?"

ಖಂಡಿತ ಆಗಬಹುದಮ್ಮ. ಕಯಾಕಿನಲ್ಲಿ, ಜೆಟ್ಟಿಯ ತುದಿಯಲ್ಲಿ ನಿಮ್ಮನ್ನು ನಿಲ್ಲಿಸುವುದಿಲ್ಲ ಅಷ್ಟೇ. ನೋಂದಣಿ ಮೇಜು, ಟವೆಲ್, ಜಿಪ್, ಟೀ, ಎಣಿಕೆ, ಇವಕ್ಕೆಲ್ಲ ಈಜು ಬರಬೇಕಾಗಿಲ್ಲ. ಎಣಿಕೆಗೆ ಹೋಗುವುದಾದರೆ ಪೆನ್ಸಿಲ್ ಒಯ್ಯಿರಿ, ಪೆನ್ನಿನ ಶಾಯಿ ಒದ್ದೆ ಕಾಗದದ ಮೇಲೆ ಹರಡುತ್ತದೆ. ಕಾಲಿಗೆ ಎರಡು ಜೊತೆ ಕಾಲುಚೀಲ. ಮೊದಲ ವರ್ಷ ಕ್ಯಾಮೆರಾ ಮನೆಯಲ್ಲಿ ಬಿಟ್ಟು ಹೋಗಿ, ಯಾರು ಎಲ್ಲಿ ನಿಲ್ಲುತ್ತಾರೆ, ಯಾವ ಹೊತ್ತಿಗೆ ಏನಾಗುತ್ತದೆ ಅಂತ ತಿಳಿಯುತ್ತದೆ. ಎರಡನೇ ವರ್ಷ ಅವರೇ "ಕ್ಯಾಮೆರಾ ತರಲಿಲ್ವಾ?" ಅಂತ ಕೇಳುತ್ತಾರೆ.